ಬೆಡ್‌ಶೀಟಿನ ಆ ತುದಿ

ಮಂಗಳವಾರ, ಮಧ್ಯಾಹ್ನ
ನಮ್ಮ ಲಾಂಡ್ರಿಯ ಇಸ್ತ್ರಿ ಮೇಜಿನಿಂದ

ತಂಗಿಯ ಮನೆಯಲ್ಲಿ ಮುನಿಸಿಕೊಂಡು ಕೂತಿರುವ ನಮ್ಮ ಯಜಮಾನರಿಗೆ, ನೀವು ಹೊಟ್ಟೆ ತುಂಬ ಉಣ್ಣುತ್ತಿದ್ದೀರಿ ಎಂದು ನಂಬಿರುವ ನಿಮ್ಮ ಹೆಂಡತಿಯ ನಮಸ್ಕಾರಗಳು.

ಫೋನ್ ಮಾಡಿದರೆ ನಾದಿನಿ ಎತ್ತಿಕೊಂಡು, ಅಣ್ಣ ಮಲಗಿದ್ದಾನೆ ಅತ್ತಿಗೆ ಅನ್ನುತ್ತಾಳೆ. ಬೆಳಿಗ್ಗೆ ಹನ್ನೊಂದಕ್ಕೂ ಮಲಗಿದ್ದೀರಿ, ಸಂಜೆ ಐದಕ್ಕೂ ಮಲಗಿದ್ದೀರಿ. ಇಷ್ಟು ನಿದ್ದೆ ಮಾಡುವವರಿಗೆ ಓದಲು ಪುರುಸೊತ್ತು ಇದ್ದೇ ಇರುತ್ತದೆ ಎಂದು ಕಾಗದ ಬರೆಯಲು ಕೂತಿದ್ದೇನೆ.

ನೀವು ಹೋಗಿ ಏಳು ವಾರವಾಯಿತು. ವಕೀಲರ ಕರಿ ಕೋಟಿನ ಬೆನ್ನು ಸುಟ್ಟದ್ದಕ್ಕೆ ಅವರೆದುರೇ ನಿಮ್ಮನ್ನು ಬೈದೆ, ನಿಜ. ಅಷ್ಟಕ್ಕೇ ಮನುಷ್ಯ ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟು, ಚಪ್ಪಲಿ ಮೆಟ್ಟಿ ಹೊರಟೇ ಹೋಗುವುದೇ? ಹೋಗಲಿ ಬಿಡಿ, ಆದದ್ದು ಆಯಿತು. ನಾನು ನಿಮ್ಮನ್ನು ಕ್ಷಮಿಸಿದ್ದೇನೆ. ನನ್ನದು ದೊಡ್ಡ ಮನಸ್ಸು, ನಿಮಗೇ ಗೊತ್ತಲ್ಲ.

ಈಗ ಸುದ್ದಿ ಕೇಳಿ. ನೀವು ಹೋದ ಮೂರನೇ ವಾರ ನನ್ನ ಎಡಭುಜ ಹಿಡಿದುಕೊಂಡಿತು. ಲಾಡ್ಜಿನ ಬೆಡ್‌ಶೀಟುಗಳನ್ನೆಲ್ಲ ಒಬ್ಬಳೇ ಮಡಿಸಬೇಕು. ಒಂದು ತುದಿಯನ್ನು ಗಲ್ಲದಡಿ ಸಿಕ್ಕಿಸಿ, ಇನ್ನೊಂದನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ನನ್ನ ಪಾಡು ನಾಯಿಪಾಡಾಗಿತ್ತು. ನನ್ನಂಥ ಎಡಚಿಗೆ ಎಡಗೈಯೇ ಏಳದಿದ್ದರೆ ಲಾಂಡ್ರಿ ನಡೆದ ಹಾಗೆಯೇ. ಆಸ್ಪತ್ರೆಯ ನರ್ಸಮ್ಮ ಮಾತ್ರೆ ಕೊಟ್ಟು, ವಾರಕ್ಕೆರಡು ದಿನ ಲೈಬ್ರರಿಯ ಮಹಡಿಯಲ್ಲಿ ನಡೆಯುವ ಕುಣಿತದ ತರಗತಿಗೆ ಹೋಗಿ ಎಲ್ಲರ ಜೊತೆ ಕುಣಿದು ಬನ್ನಿ ಎಂದಳು. ಭುಜ ನೋವೆಂದರೆ ಕುಣಿ ಅನ್ನುತ್ತಾಳಲ್ಲ, ಇವಳಿಗೆಲ್ಲೋ ತಲೆ ಕೆಟ್ಟಿದೆ ಅಂದುಕೊಂಡೆ. ಆದರೂ ಹೋದೆ. ಮನೆಯಲ್ಲಿದ್ದರೆ ಜಗಳವಾಡುವುದಕ್ಕಾದರೂ ಯಾರಿದ್ದಾರೆ?

ಅಲ್ಲಿ ಕಲಿಸುವವಳು ಇಪ್ಪತ್ತೈದರ ಹುಡುಗಿ. ಕಲಿಸುವುದೇನು ಬಂತು, ಹೆಜ್ಜೆ ಹೇಳಿಕೊಡುವುದಿಲ್ಲ, ಯಾವುದನ್ನೂ ತಪ್ಪು ಅನ್ನುವುದಿಲ್ಲ. ದಿನಾ ನಿಮ್ಮ ಕೈ ಮಾಡುವ ಕೆಲಸವನ್ನೇ ಹಾಡಿಗೆ ಮಾಡಿ ತೋರಿಸಿ, ಉಳಿದವರು ಹಾಗೆಯೇ ಮಾಡುತ್ತಾರೆ, ಅಷ್ಟೇ ಅವಳ ಪಾಠ. ಹೆಂಡತಿ ತೀರಿಕೊಂಡ ಮೇಲೆ ಬಾಯಿ ಬಿಡುವುದನ್ನೇ ಮರೆತಿದ್ದ ಬಸ್ಸಿನ ಡ್ರೈವರಣ್ಣ ಸ್ಟಿಯರಿಂಗ್ ತಿರುಗಿಸಿದ; ಇಡೀ ಕೋಣೆ ಅವನ ಹಿಂದೆ ಎಡಕ್ಕೆ ತಿರುಗಿತು. ಅವನು ಬ್ರೇಕ್ ಹಾಕಿದಾಗ ನಾವೆಲ್ಲ ಒಬ್ಬರ ಮೇಲೊಬ್ಬರು ಮುಗ್ಗರಿಸಿದ್ದು ನೋಡಿ ಗಟ್ಟಿಯಾಗಿ ನಕ್ಕುಬಿಟ್ಟ. ಹಲ್ಲಿನ ಡಾಕ್ಟರಮ್ಮನ ಸರದಿಯಲ್ಲಿ ಇಪ್ಪತ್ತನಾಲ್ಕು ಜನ ಆ ಎಂದು ಬಾಯಿ ತೆರೆದು ನಿಂತಿದ್ದೆವು.

ಅವರ ನಡುವೆ ಯಾರಿದ್ದರು ಅಂತೀರಿ? ಅದೇ ವಕೀಲರು! ನಿದ್ದೆ ಬರುವುದಿಲ್ಲವೆಂದು ಅವರನ್ನೂ ಆಸ್ಪತ್ರೆಯವರೇ ಅಲ್ಲಿಗೆ ಕಳಿಸಿದ್ದಾರಂತೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅವರೇ ಹತ್ತಿರ ಬಂದು, ಕೋಟು ಈಗಲೂ ತೊಡುತ್ತೇನೆ, ಮೇಲೆ ಗೌನ್ ಇರುವುದರಿಂದ ಬೆನ್ನು ಯಾರಿಗೂ ಕಾಣುವುದಿಲ್ಲ ಎಂದು ಸಮಾಧಾನ ಹೇಳಿದರು.

ನನ್ನ ಸರದಿ ಬಂತು. ಗಾಳಿಯಲ್ಲೇ ಬೆಡ್‌ಶೀಟಿನ ಎರಡು ಮೂಲೆ ಹಿಡಿದೆ, ಕೊಡವಿದೆ, ನಾಲ್ಕು ಹೆಜ್ಜೆ ಮುಂದೆ ಹೋಗಿ ಮೂಲೆಗಳನ್ನು ನಿಮಗೆ ಕೊಡಲು ಕೈ ಚಾಚಿದೆ. ಅಲ್ಲಿ ನೀವಿರಲಿಲ್ಲ. ಹಾಡು ನಡೆಯುತ್ತಲೇ ಇತ್ತು, ನನಗೆ ಅಳು ಬಂತು. ಈ ಇಪ್ಪತ್ತೆರಡು ವರ್ಷದಲ್ಲಿ ಮಾತು ಬಿಟ್ಟ ದಿನಗಳಲ್ಲೂ ನಾವು ಬೆಡ್‌ಶೀಟು ಮಡಿಸುವುದನ್ನು ಬಿಟ್ಟಿರಲಿಲ್ಲ. ನಿಮಗೆ ಬಲಗೈ, ನನಗೆ ಎಡಗೈ. ಒಂದು ಎರಡು ಎಣಿಸದೆ ಮೂಲೆಗೆ ಮೂಲೆ ಬಂದು ಕೂರುತ್ತಿತ್ತು. ಕಣ್ಣೊರೆಸಿಕೊಂಡು ನೋಡುತ್ತೇನೆ, ಏಳಲಾರದ ಎಡಗೈ ಭುಜದೆತ್ತರಕ್ಕೆ ಎದ್ದಿದೆ!

ಇದನ್ನು ಎಲ್ಲರಿಗೂ ಕಲಿಸಿ ಎಂದು ಹುಡುಗಿ ಗಂಟುಬಿದ್ದಳು. ಮುಂದಿನ ಸಲ ಲಾಡ್ಜಿನ ಗಂಟನ್ನೇ ಹೊತ್ತುಕೊಂಡು ಹೋದೆ. ಅರ್ಧ ಗಂಟೆಯಲ್ಲಿ ಅರವತ್ತು ಬೆಡ್‌ಶೀಟು! ಕುಣಿದಂತೆಯೂ ಆಯಿತು, ಮಡಿಸಿದಂತೆಯೂ ಆಯಿತು. ಮೂರನೇ ಸಲ ಅವಳಿಗೆ ಅನುಮಾನ ಬಂದು, ಇವೆಲ್ಲ ಯಾರ ಬೆಡ್‌ಶೀಟು ಎಂದು ಕೇಳಿದಳು. ಹಾಡು ಜೋರಾಗಿತ್ತು, ನನಗೆ ಕೇಳಿಸಲಿಲ್ಲ.

ಈ ಭಾನುವಾರ ಸಂಜೆ ಐದಕ್ಕೆ ಲೈಬ್ರರಿ ಮುಂದಿನ ರಸ್ತೆಯಲ್ಲಿ ನಮ್ಮ ಬೆಡ್‌ಶೀಟು ಕುಣಿತ. ಪೊಲೀಸರು ಒಂದು ಗಂಟೆ ಗಾಡಿಗಳನ್ನು ಬಿಡುವುದಿಲ್ಲವಂತೆ. ನನಗೆ ಜೋಡಿ ವಕೀಲರು. ಸಡಿಲ ಬಿಡಬೇಕಾದಾಗ ಎಳೆಯುತ್ತಾರೆ, ಎಳೆಯಬೇಕಾದಾಗ ವಾದಕ್ಕೆ ನಿಲ್ಲುತ್ತಾರೆ. ನಾನೇನೂ ನಿಮ್ಮನ್ನು ಕರೆಯುತ್ತಿಲ್ಲ, ಸುದ್ದಿ ತಿಳಿಸಿದೆ ಅಷ್ಟೆ. ಅಲ್ಲಿಂದ ಮಧ್ಯಾಹ್ನ ಒಂದೂವರೆಗೆ ಬಸ್ಸಿದೆ. ಡ್ರೈವರಣ್ಣನನ್ನು ಸುಮ್ಮನೆ ಕೇಳಿ ಇಟ್ಟುಕೊಂಡಿದ್ದೇನೆ.

ಇಂತಿ,
ಬೆಡ್‌ಶೀಟಿನ ಈ ತುದಿ ಹಿಡಿದಿರುವ
ನಿಮ್ಮ ಬಾಯಿಬಡುಕಿ

ತಾ.ಕ. (ಬುಧವಾರ): ನಿನ್ನೆ ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಕೋಟಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತವಳು ನಾನು. ನೀವು ಚಹಾ ತರಲು ಹೋಗಿದ್ದಿರಿ. ವಕೀಲರು ಬಾಗಿಲಲ್ಲಿ ನಿಂತದ್ದು ಕಂಡು ಹೆದರಿ ತಪ್ಪನ್ನು ನಿಮ್ಮ ತಲೆಗೆ ಕಟ್ಟಿಬಿಟ್ಟೆ. ನೀವು ಎರಡು ಲೋಟ ಹಿಡಿದು ಒಳಗೆ ಬಂದವರು, ನನ್ನ ಮುಖವನ್ನೊಮ್ಮೆ ನೋಡಿ ಸುಮ್ಮನಾದಿರಿ. ಬೇರೆಯವರ ಮುಂದೆ ಆಡಿದ್ದನ್ನು ಬೇರೆಯವರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕಲ್ಲವೇ? ಇವತ್ತು ಬೆಳಿಗ್ಗೆ ಹಾಡು ನಿಲ್ಲಿಸಿ ಎಲ್ಲರಿಗೂ ಕೇಳುವಂತೆ ಹೇಳಿದೆ. ವಕೀಲರು ನಕ್ಕರು. ಸುಟ್ಟ ಗುರುತಿನಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿ ಬಲಕ್ಕೆ ತಿರುಗಿದ್ದು ನೋಡಿ, ಇದು ಎಡಗೈಯವರ ಕೆಲಸ ಎಂದು ಅವರಿಗೆ ಅವತ್ತೇ ಗೊತ್ತಾಗಿತ್ತಂತೆ. ಅವರನ್ನು ಜೋಡಿಯಿಲ್ಲದ ಡ್ರೈವರಣ್ಣನಿಗೆ ಕೊಟ್ಟುಬಿಟ್ಟಿದ್ದೇನೆ. ತಪ್ಪಾಯಿತು ರೀ. ಭಾನುವಾರ ಐದಕ್ಕೆ ನನ್ನ ಎರಡು ಮೂಲೆ ಹಿಡಿದು ನಾನು ನಿಂತಿರುತ್ತೇನೆ, ನಿಮ್ಮ ಎರಡು ಮೂಲೆ ರಸ್ತೆಯ ಮೇಲೆ ಬಿದ್ದಿರುತ್ತವೆ. ಒಗೆದ ಬೆಡ್‌ಶೀಟು ನೆಲ ತಾಗಿದರೆ ನಿಮ್ಮ ಕೈಲಿ ನೋಡಲಾಗುವುದಿಲ್ಲ, ನನಗೆ ಗೊತ್ತು.