ಅಜ್ಜಿಯ ಪಾತ್ರ ನನಗೆ ಬಂತು

ಹದಿನಾಲ್ಕನೇ ತಾರೀಖು, ಗುರುವಾರ

ಪ್ರೀತಿಯ ಅಕ್ಕ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತೆ, ಬೈಯಬೇಡ. ನಾನು ಆರಾಮ. ಅಮ್ಮನೂ ನಿನ್ನ ಮನೆಗೆ ಹೊಂದಿಕೊಂಡಿದ್ದಾಳೆಂದು ಓದಿ ಸಮಾಧಾನವಾಯಿತು.

ಇವತ್ತು ಬೆಳಿಗ್ಗೆ ಮೂರನೇ ಕೋಣೆಯ ಟೀಚರಜ್ಜಿ ಟೀ ಲೋಟವನ್ನು ಮೇಜಿನ ಮೇಲೇ ಬಿಟ್ಟು, ಬಗ್ಗಿ ಬಾಯಿ ಹಚ್ಚಿ ಕುಡಿಯುತ್ತಿದ್ದರು. ಈ ವೃದ್ಧಾಶ್ರಮದ ಕಚೇರಿಗೆ ಸೇರಿ ಆರು ತಿಂಗಳಾಯಿತು. ಅವರ ಕೈನಡುಕ ವಯಸ್ಸಿನದೆಂದೇ ನಾನು ನಿನ್ನೆಯವರೆಗೂ ನಂಬಿದ್ದೆ.

ನಿನ್ನೆ ನಮ್ಮ ನರ್ಸ್‌ಗಳಿಗೆ ತರಬೇತಿ ಇತ್ತು. ವಯಸ್ಸಾದವರ ಹತ್ತಿರ ಕುಡಿತದ ಮಾತು ಹೇಗೆ ಎತ್ತಬೇಕು ಎಂಬುದು ವಿಷಯ. ಹಿರಿಯ ನರ್ಸ್ ಶುರುವಿನಲ್ಲೇ ಗೊಣಗಿದರು. "ಎಂಬತ್ತು ವರ್ಷದವರನ್ನ ಕುಡೀತೀರಾ ಅಂತ ಕೇಳೋದಾ? ನನ್ನ ಬಾಯಿಗೆ ಬರಲ್ಲಪ್ಪ."

"ಕಕ್ಕಸಿಗೆ ಹೋದ್ರಾ ಅಂತ ದಿನಾ ಇಡೀ ವಾರ್ಡಿಗೆ ಕೇಳಿಸೋ ಹಾಗೆ ಕೇಳ್ತೀರಲ್ಲ, ಅದು ಬರುತ್ತಾ?" ಎಂದರು ತರಬೇತಿಯ ಮೇಡಂ.

ಅಭ್ಯಾಸಕ್ಕೆ ಒಬ್ಬರು ಅಜ್ಜಿಯಾಗಬೇಕಿತ್ತು. ಮೂಲೆಯಲ್ಲಿ ಹಾಜರಿ ಬರೆಯುತ್ತಿದ್ದ ನನ್ನನ್ನು ಎಳೆದು ಕೂರಿಸಿದರು. ಹಿರಿಯ ನರ್ಸ್, "ಅಮ್ಮಾ, ನಿದ್ದೆ ಬರೋಕೆ ಏನಾದ್ರೂ ತಗೋತೀರಾ?" ಎಂದು ಕೇಳಿದರು.

"ಅಯ್ಯೋ, ಮಂಡಿ ನೋವಿಗೆ ಎರಡೇ ಮುಚ್ಚಳ ಕಣೇ. ನಿಮ್ಮಪ್ಪ ಇದ್ದಾಗಿಂದ ಅಭ್ಯಾಸ. ಔಷಧಿ ತಾನೇ?" ಎಂದೆ ನಾನು.

"ನಮ್ಮಪ್ಪ ಎಲ್ಲಿಂದ ಬಂದ್ರು ಮಧ್ಯೆ!" ಎಂದು ಅವರು ನಕ್ಕರು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಊಟದ ಹೊತ್ತಿಗೆ ಪಕ್ಕಕ್ಕೆ ಬಂದು, "ಅದು ಯಾರ ಮಾತಮ್ಮ?" ಎಂದರು. ನಾನು ತಟ್ಟೆ ತೊಳೆಯಲು ಎದ್ದೆ. ನಿನಗೆ ಹೇಳಬೇಕಾಗಿಲ್ಲ. ಅಮ್ಮನ ಮಾತಿನಲ್ಲಿ ಒಂದಕ್ಷರವನ್ನೂ ನಾನು ಬದಲಿಸಿರಲಿಲ್ಲ.

ಮಧ್ಯಾಹ್ನ ಮೇಡಂ ಹೇಳಿದ್ದನ್ನೆಲ್ಲ ಬರೆದುಕೊಂಡೆ. ಬೈಯಬಾರದು. ಬಾಟಲಿ ಬಚ್ಚಿಡಬಾರದು. ಒಂದೇ ಸಲಕ್ಕೆ ಬಿಡಿಸುವುದೂ ಅಪಾಯವಂತೆ. ಕುಡಿದ ಮೇಲೆ ನಿದ್ದೆ ಮಾತ್ರೆ ನುಂಗಿದರೆ ಬೀಳುತ್ತಾರೆ, ಕೆಲವರು ಮಲಗಿದವರು ಏಳುವುದೇ ಇಲ್ಲ.

ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳಿಬ್ಬರನ್ನೂ ನನ್ನ ಪಾಲಿನದೂ ಸೇರಿಸಿ ಮುದ್ದಾಡು. ನೀವೆಲ್ಲ ನಗುನಗುತ್ತಾ ಇರಿ.

ನಿನ್ನ ತಂಗಿ,
ಗುಬ್ಬಿ

ಇನ್ನೊಂದು ಮಾತು: ಹೋದ ವರ್ಷ ಅಮ್ಮ ಬಚ್ಚಲಲ್ಲಿ ಬಿದ್ದು ಕೈ ಮುರಿದುಕೊಂಡಾಗ, ನೀನು ಎಕ್ಸ್‌ರೇ ತರಲು ಹೋಗಿದ್ದೆ. ಆಗ ಡಾಕ್ಟರು ನನ್ನನ್ನು, "ಕುಡಿಯೋ ಅಭ್ಯಾಸ ಏನಾದ್ರೂ ಇದೆಯಾ?" ಎಂದು ಕೇಳಿದ್ದರು. ಅಮ್ಮ ನನ್ನ ಮುಖ ನೋಡಿದಳು. ನಾನು ಇಲ್ಲ ಎಂದೆ. ಆಮೇಲೇ ಅವರು ನಿದ್ದೆ ಮಾತ್ರೆ ಬರೆದುಕೊಟ್ಟಿದ್ದು. ಅದನ್ನು ಅಮ್ಮ ಈಗಲೂ ನುಂಗುತ್ತಿದ್ದಾಳೆ. ಈ ಕಾಗದ ನಾಳೆಯೇ ನಿನ್ನ ಕೈ ಸೇರುತ್ತದೆ, ಶನಿವಾರ ರಜೆ ಹಾಕಿ ನಾನೇ ಬರುತ್ತಿದ್ದೇನೆ. ಅಷ್ಟರವರೆಗೆ ಆ ಮಾತ್ರೆ ಕೊಡುವ ಮುಂಚೆ ಡಾಕ್ಟರಿಗೆ ಒಂದು ಫೋನು ಮಾಡು, ಅಂದು ಮುಚ್ಚಿಟ್ಟವಳು ನಾನೆಂದೇ ಹೇಳು. ಬಂದಮೇಲೆ ಅಮ್ಮನ ಪಕ್ಕ ಕೂತು ನಾನೇ ಕೇಳುತ್ತೇನೆ, ಆಮೇಲೆ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ. ಅವಳು ಮತ್ತೆ ನನ್ನ ಮುಖ ನೋಡಿದರೂ ಡಾಕ್ಟರ ಎದುರು ಈ ಸಲ ಇದೆ ಎನ್ನುತ್ತೇನೆ.