ಶೋಲ್ಪಾನಳ ಮನೆಗೆ ಹೋಗದ ಏಳು ದಿನ

ಉಷ್ತೊಬೆ,
19 ಸೆಪ್ಟೆಂಬರ್ 2004

ಪ್ರೀತಿಯ ಮಗಳು ರಿಮ್ಮಾ,

ಕರ್ತನ ಸಮಾಧಾನ ನಿನ್ನ ಮೇಲಿರಲಿ. ಈಸ್ಟರ್ ಹಬ್ಬಕ್ಕೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಚರ್ಚ್ ಸಭೆಯ ಕೆಲಸ ಹೆಚ್ಚಾಗಿತ್ತು ಎನ್ನಬಹುದಿತ್ತು. ನೆಪ ಹೇಳುವ ಮುಖ ಈ ಸಲ ನನಗಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ಈರುಳ್ಳಿ ಕಿತ್ತು ಮುಗಿಯಿತು. ಅವಳೀಗ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿಕೊಂಡು ಕೋಳಿಗಳನ್ನು ಬೈಯುತ್ತಿದ್ದಾಳೆ.

ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಶೋಲ್ಪಾನ್ ನಿನಗೆ ನೆನಪಿರಬೇಕು. ಆ ಮುಸ್ಲಿಂ ಕಜಾಕ್ ಮನೆತನದಲ್ಲಿ ಯೇಸುವನ್ನು ನಂಬಿದವಳು ಅವಳೊಬ್ಬಳೇ. ಜುಲೈನಲ್ಲಿ ಅವಳ ತಂದೆ ತೀರಿಕೊಂಡರು. ಅವತ್ತು ಬೆಳಿಗ್ಗೆಯೇ ನನ್ನ ಹತ್ತಿರ ಬಂದಳು.

"ಪಾಸ್ಟರ್, ನೀವು ಏನೂ ಮಾತಾಡೋದು ಬೇಡ. ಅಣ್ಣಂದಿರ ಜೊತೆ ಒಂದು ಗಳಿಗೆ ಕೂತು ಎದ್ದು ಬನ್ನಿ, ಸಾಕು."

ಮುಲ್ಲಾ ಕುರಾನ್ ಓದುವ ಕಡೆ ಸಭಾಪಾಲಕನಾದ ನಾನು ಹೋಗಿ ಕೂತರೆ ವಿಶ್ವಾಸಿಗಳು ನಂಬಿಕೆಯಲ್ಲಿ ಎಡವುತ್ತಾರೆ ಎಂದು ಅವಳಿಗೆ ಬೈಬಲಿನ ವಚನ ತೆರೆದು ತೋರಿಸಿದೆ. ನಿಜವಾದ ಕಾರಣ ಅದಲ್ಲ, ರಿಮ್ಮಾ. ಅವರ ಕಜಾಕ್ ಭಾಷೆ ನನ್ನ ಬಾಯಲ್ಲಿ ತೊದಲುತ್ತದೆ. ಆ ಮನೆಯಲ್ಲಿ ನಾನು ದೊಡ್ಡವನೆಂದು ಯಾರೂ ಎದ್ದು ನಿಲ್ಲುವುದಿಲ್ಲ. ಅದಕ್ಕೆ ಹೆದರಿದೆ.

ಮೇಲಾಗಿ ಮಾರನೆಯ ದಿನ ಅಲ್ಮಾಟಿಯಲ್ಲಿ ಸಭಾಪಾಲಕರ ಕೂಟವಿತ್ತು. ನಮ್ಮ ಕೊರಿಯನ್ನರು, ರಷ್ಯನ್ನರು, ಕಜಾಕರು ಒಂದೇ ಬೆಂಚಿನಲ್ಲಿ ಕೂರುವ ಸಭೆಯನ್ನು ಹೇಗೆ ಕಟ್ಟಿದೆ ಎಂದು ನಾನು ಅಲ್ಲಿ ಹೇಳಬೇಕಿತ್ತು. ಹೇಳಿದೆ. ಅಪೊಸ್ತಲ ಪೌಲನು ಆಯಾ ಜನರ ನಡುವೆ ಅವರಂತೆಯೇ ಆಗಿ, ಎಲ್ಲರಿಗೂ ಎಲ್ಲವೂ ಆದನು ಎಂದೆ. ಮೆಚ್ಚಿಕೊಂಡು ಇನ್ನೆರಡು ದಿನ ಉಳಿಸಿಕೊಂಡರು.

ಊರಿಗೆ ಮರಳಿದ ಮೇಲೂ ಹಿಂಜರಿದು, ನೆಂಟರು ಬಂದು ಕೂರುವ ಏಳು ದಿನ ಮುಗಿದ ಮೇಲೆ, ಎಂಟನೆಯ ದಿನ ಶೋಲ್ಪಾನಳ ಮನೆಗೆ ಹೋದೆ. ಅವಳು ಡ್ಯೂಟಿಗೆ ಹೋಗಿದ್ದಳು. ದೊಡ್ಡಣ್ಣ ಮೌಲೆನ್ ಒಳಗೆ ಕರೆದು ಒಳ್ಳೆಯ ಜಾಗದಲ್ಲೇ ಕೂರಿಸಿ, ಚಹಾ ಕೊಡಿಸಿದ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು.

"ನಮ್ಮ ನೆಂಟರೆಲ್ಲ ಅವಳನ್ನ ಕೇಳಿದ್ರು, ನಿನ್ನ ಆ ಜನ ಎಲ್ಲಿ ಅಂತ," ಎಂದ. "ದಾರಿಲಿದ್ದಾರೆ, ಇನ್ನೇನು ಬರ್ತಾರೆ ಅಂದ್ಲು. ಏಳು ದಿನವೂ ಅದನ್ನೇ ಹೇಳಿದ್ಲು. ನನ್ನ ತಂಗಿ ಸುಳ್ಳು ಹೇಳಿದ್ದನ್ನ ನಾನು ಯಾವತ್ತೂ ಕೇಳಿರಲಿಲ್ಲ, ಹಿರಿಯರೇ."

ಕೊರಿಯನ್ನರನ್ನೆಲ್ಲ ಗಡೀಪಾರು ಮಾಡಿ ನಿನ್ನ ಮುತ್ತಜ್ಜನನ್ನು ರೈಲಿನಿಂದ ಈ ಬಯಲಿಗೆ ತಂದು ಸುರಿದ ಚಳಿಗಾಲದಲ್ಲಿ ರೊಟ್ಟಿ ಕೊಟ್ಟವರು ಇಂಥ ಮನೆಯವರೇ. ನಿಮ್ಮ ದೇವರು ಯಾರು ಎಂದು ಅವರು ಕೇಳಿರಲಿಲ್ಲ.

ನಮ್ಮವರು ಯಾರೂ ಹೋಗಿರಲಿಲ್ಲ ಎಂದುಕೊಂಡಿದ್ದೆ. ಒಬ್ಬಳು ಹೋಗಿದ್ದಳಂತೆ: ಪೆಲಗೇಯಾ ಅಜ್ಜಿ. ಕಿವಿ ಮಂದ, ಕಜಾಕ್ ಭಾಷೆಯ ಒಂದಕ್ಷರ ಬಾರದು, ಭಾನುವಾರ ಸಭೆಯಲ್ಲಿ ನನ್ನ ಪ್ರಸಂಗಕ್ಕೆ ನಿದ್ದೆ ಮಾಡುತ್ತಾಳಲ್ಲ, ಅವಳೇ. ಮೂರು ದಿನ ಅಲ್ಲೇ ಇದ್ದಳಂತೆ. ಅವರಿಗೆ ಏನು ಹೇಳಿದಿರಿ ಎಂದು ಅವಳನ್ನು ಕೇಳಿದೆ.

"ನಾನೇನು ಹೇಳ್ಲಪ್ಪ? ಬಟ್ಟಲು ರಾಶಿ ಬಿದ್ದಿತ್ತು. ತೊಳೆದೆ."

ಆ ಭಾನುವಾರ ಸಭೆಯ ಮುಂದೆ ನಿಂತು ನನ್ನ ತಪ್ಪನ್ನು ಒಪ್ಪಿಕೊಂಡೆ. ಶೋಲ್ಪಾನ್ ಬಂದಿರಲಿಲ್ಲ. ಆಮೇಲೆ ಆಸ್ಪತ್ರೆಯ ಗೇಟಿನಲ್ಲಿ ಸಿಕ್ಕಾಗ ಅವಳು ಮೆಲ್ಲಗೆ, "ಯೇಸುವನ್ನ ಬಿಡಲ್ಲ ಪಾಸ್ಟರ್. ನಿಮ್ಮ ಮಾತು ಕೇಳೋಕೆ ಮಾತ್ರ ಇನ್ನೂ ಆಗ್ತಿಲ್ಲ," ಎಂದಳು. ಅವಳು ಬರಲಿ ಎಂದು ಭಾನುವಾರದ ಪ್ರಸಂಗವನ್ನು ಬೇರೆಯವರಿಗೆ ಒಪ್ಪಿಸಿದ್ದೇನೆ. ಅವಳ ತಂದೆಯ ನಲವತ್ತನೆಯ ದಿನದ ಊಟಕ್ಕೆ ಹೋಗಿ, ಬಟ್ಟಲು ತೊಳೆಯುತ್ತಿದ್ದ ಪೆಲಗೇಯಾ ಅಜ್ಜಿಗೆ ನೀರು ಹೊತ್ತುಕೊಟ್ಟೆ. ಮೌಲೆನ್ ನನ್ನ ತೊದಲು ಭಾಷೆ ಕೇಳಿ ನಕ್ಕ. ನಾನೂ ನಕ್ಕೆ. ಕಳೆದ ವಾರದಿಂದ ಶೋಲ್ಪಾನ್ ಸಭೆಗೆ ಬರುತ್ತಿದ್ದಾಳೆ. ಕೊನೆಯ ಸಾಲಿನಲ್ಲಿ ಕೂರುತ್ತಾಳೆ, ನನ್ನ ಕಡೆ ನೋಡುವುದಿಲ್ಲ.

ನಿನ್ನನ್ನೂ ನಿನ್ನ ಮನೆಯನ್ನೂ ದೇವರು ಕಾಯಲಿ.

ನಿನ್ನ ಅಪ್ಪ,
ವೆನಿಯಮಿನ್ ಖೆಗಾಯ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ಮೂರು ವರ್ಷದ ಹಿಂದೆ ನುರ್ತಾಸ್ ನಿನ್ನನ್ನು ಮದುವೆಗೆ ಕೇಳಲು ನಮ್ಮ ಮನೆ ಬಾಗಿಲಿಗೆ ಬಂದಾಗ, ಅಪ್ಪ ಮನೆಯಲ್ಲಿಲ್ಲ ಎಂದು ನಿನ್ನ ಬಾಯಿಂದಲೇ ಹೇಳಿಸಿದೆ. ನಾನು ಪರದೆಯ ಹಿಂದೆ ನಿಂತಿದ್ದೆ. ಅವನು ಕಜಾಕ್ ಹುಡುಗ ಎನ್ನುವುದು ಬಿಟ್ಟರೆ ಅವನ ಬಗ್ಗೆ ನನಗೆ ಆಗಲೂ ಏನೂ ಗೊತ್ತಿರಲಿಲ್ಲ, ನೀನು ಅವನನ್ನೇ ಮದುವೆಯಾಗಿರುವ ಈಗಲೂ ಗೊತ್ತಿಲ್ಲ. ನಿಮ್ಮ ಮಗುವಿಗೆ ಏನು ಹೆಸರಿಟ್ಟಿರಿ? ಅಮ್ಮನಿಗೆ ಗೊತ್ತಿದೆ ಎಂದು ಬಲ್ಲೆ. ಅವಳನ್ನು ಕೇಳಲು ನಾಚಿಕೆಯಾಗುತ್ತದೆ.