ಸೋಮವಾರದ ಕೆಮ್ಮು

ಅಪ್ಪಾ,

ಇವತ್ತು ಕಮಲಾಪುರದ ನನ್ನ ಮನೆಯಲ್ಲಿ ಚಹಾಕ್ಕೆ ನೀರಿಟ್ಟಾಗ ಪಾತ್ರೆಯ ಮುಚ್ಚಳ ಟಪಟಪ ಕುಣಿಯಿತು. ಗಾಜಿಪುರದ ಮನೆಯ ಒಲೆಯ ಮುಂದೆ ನನ್ನನ್ನು ಕೂರಿಸಿಕೊಂಡು ಹೇಳುತ್ತಿದ್ದೆಯಲ್ಲ: "ನೋಡವಾ, ನೀರಿನ ಜೋರು ಎಷ್ಟದ! ಬಾಯ್ಲರ್‌ನ್ಯಾಗ ನೀರು ಕುದ್ದು ಉಗಿ ಆದ್ರನೇ ನಮ್ಮ ಮಿಲ್ಲು ತಿರಗ್ತದ. ನೀರಿಲ್ಲಂದ್ರ ನೂಲಿಲ್ಲ, ನೂಲಿಲ್ಲಂದ್ರ ನಿನ್ನ ಲಂಗಾನೂ ಇಲ್ಲ." ಹತ್ತಿಯ ಗಂಟು ಒಡೆದು ಬಿಡಿಸುವ ಖಾತೆ ನಿನ್ನದು. ಸಂಜೆ ಬಂದಾಗ ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. ಧೂಳು ಗಂಟಲಿನಿಂದ ಇಳಿಯಲೆಂದು ಎಲ್ಲರ ಹಾಗೆ ನೀನೂ ಜೇಬಿನಲ್ಲಿ ಬೆಲ್ಲದ ಚೂರು ಇಟ್ಟುಕೊಳ್ಳುತ್ತಿದ್ದೆ. ಎದೆಗಿಳಿದದ್ದನ್ನು ಬೆಲ್ಲ ಎಲ್ಲಿ ತೆಗೆದೀತು?

ಮಿಲ್ಲು ಮುಚ್ಚಿದ ಮೇಲೂ ಕೆಮ್ಮು ಬಿಡಲಿಲ್ಲ. ಪಕ್ಕದ ಯಂತ್ರದ ಗೆಳೆಯ ಟಿಬಿಯಿಂದ ತೀರಿಕೊಂಡಿದ್ದನಲ್ಲ, ನಿನಗೂ ಅದೇ ಎಂದು ನೀನೇ ತೀರ್ಮಾನಿಸಿಬಿಟ್ಟೆ. ದವಾಖಾನೆಯಲ್ಲಿ ಎರಡು ಸಲ ಕಫ ನೋಡಿ ಏನೂ ಇಲ್ಲ ಎಂದರೂ, "ನಾ ಹೆದರಬಾರದಂತ ಸುಳ್ಳ ಹೇಳ್ತಾರ" ಎಂದೆ. ತಾಟು, ಲೋಟ, ಹಾಸಿಗೆ ಬೇರೆ ಮಾಡಿಕೊಂಡೆ. ಅವ್ವ ಅತ್ತರೂ ಕೇಳಲಿಲ್ಲ. ಚಾದರ ಹೊದ್ದು ಬಿಸಿನೀರಿನ ಉಗಿ ತೆಗೆದುಕೊಳ್ಳುವಾಗ, "ಇಡೀ ಮಿಲ್ಲು ಎಳೀತಿದ್ದ ಉಗಿಗಿ ನನ್ನ ಉಸಿರು ಎಳಿಯಾಕ ಆಗವಲ್ದು" ಎಂದು ನಗುತ್ತಿದ್ದೆ. ಆಮೇಲೆ ಆ ನಗುವೇ ಕೆಮ್ಮಾಗಿ...

ಗೌರಿ ಹೊಟ್ಟೆಯಲ್ಲಿದ್ದಾಗ ಬಾಣಂತನಕ್ಕೆ ನನ್ನನ್ನು ತವರಿಗೆ ಕರೆಯಲಿಲ್ಲ ನೀನು. ಚೊಚ್ಚಲ ಹೆರಿಗೆಗೂ ತವರಿಲ್ಲವೇ ಎಂದು ಅತ್ತೆ ಆಡಿದ ಮಾತು ಇನ್ನೂ ಕಿವಿಯಲ್ಲಿದೆ. ನಿನ್ನ ಮೇಲೆ ಎಷ್ಟು ಸಿಟ್ಟಿತ್ತು ಗೊತ್ತೇ? ಅವಳನ್ನು ತೊಟ್ಟಿಲಿಗೆ ಹಾಕುವ ದಿನ ನೀನು ಬಂದು ಅಂಗಳದಲ್ಲೇ ನಿಂತೆ. ಮಿಲ್ಲಿನ ಹತ್ತಿಬಟ್ಟೆಯನ್ನು ಕುದಿಸಿ, ಒಣಗಿಸಿ ತಂದಿದ್ದೆ. ಅದನ್ನೂ ಕಟ್ಟೆಯ ಮೇಲಿಟ್ಟು ಹಿಂದೆ ಸರಿದೆ.

"ಒಂದ್ಸಲ ಎತ್ತಿಕೊ ಅಪ್ಪಾ."

"ನಕೋ ಯವ್ವಾ. ಇಲ್ಲಿಂದಾನೇ ಛಂದ ಕಾಣಸ್ತಾಳ."

ಹೋದ ವಾರ, ನಿನ್ನದೇ ಖಾತೆಯಲ್ಲಿದ್ದ ಖಾಸಿಂ ಚಾಚಾನನ್ನು ನಾನು ಸೇಡಂ ರಸ್ತೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವನಿಗೂ ನಿನ್ನಂಥದೇ ಕೆಮ್ಮು. ಡಾಕ್ಟರು ಕೇಳಿದರು, "ಚಾಚಾ, ರವಿವಾರ ಸೂಟಿ ಮುಗಿಸಿ ಸೋಮವಾರ ಒಳಗ ಹೋದಾಗ ಎದಿ ಬಿಗೀತಿತ್ತೇನ್ರಿ?" "ಹೌದ್ರಿ ಸಾಬ್, ಸೋಮವಾರಾನೇ ಜಾಸ್ತಿ." ನನಗೆ ನಿನ್ನ ಸೋಮವಾರಗಳು ನೆನಪಾದವು. ಸೂಟಿ ಮಾಡಿದ್ದಕ್ಕೆ ಮಿಲ್ಲು ಸಿಟ್ಟಾಗಿ ಸೋಮವಾರ ಕಾಡುತ್ತದೆ ಎಂದು ನೀನು ಹೇಳುತ್ತಿದ್ದೆ. ನಾವು ನಗುತ್ತಿದ್ದೆವು.

"ಇದು ಟಿಬಿ ಅಲ್ರಿ. ಹತ್ತಿ ಧೂಳು ಎದ್ಯಾಗ ಕುಂತದ. ಇನ್ನೊಬ್ರಿಗಿ ಅಂಟಂಗಿಲ್ಲ" ಎಂದರು. ನೀನು ತೀರಿಕೊಳ್ಳುವ ತನಕದ ವಿಷಯ ಎಲ್ಲ ನಾನು ಹೇಳಿದೆ. "ಅವರಿಗೂ ಇದೇ ಇತ್ತು ಅನಸ್ತದವಾ" ಎಂದರು. ಚಾಚಾ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡ. ಅವ್ವನಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳಲಿ?

ಗೌರಿಗೆ ಈಗ ದಿನ ತುಂಬುತ್ತಿವೆ. ಬಾಣಂತನಕ್ಕೆ ನನ್ನ ಹತ್ತಿರವೇ ಬಂದಿದ್ದಾಳೆ. ನೀನು ಕಟ್ಟೆಯ ಮೇಲಿಟ್ಟು ಹೋದ ಬಟ್ಟೆ ಪೆಟ್ಟಿಗೆಯಲ್ಲಿದೆ. ಅವಳ ಕೂಸಿನ ತೊಟ್ಟಿಲಿಗೆ ಅದನ್ನೇ ಹಾಸುತ್ತೇನೆ. ಅಂಗಳದಲ್ಲಿ ಯಾರನ್ನೂ ನಿಲ್ಲಿಸುವುದಿಲ್ಲ.

ನೀನು ಅವತ್ತು ಗೌರಿಯನ್ನು ಎತ್ತಿಕೊಳ್ಳಬಹುದಿತ್ತು, ಅಪ್ಪಾ.